ಚಂದಾ ಕಟ್ಟಿಯಾಗಿದೆ, ಬೀಗದ ಕೈ ಯಾರ ಹತ್ತಿರ?

“ಸರ್, ಮೂವತ್ತೊಂಬತ್ತು ಡಾಲರ್ ತೊಂಬತ್ತೈದು ಸೆಂಟ್ ಅಂದ್ರೆ ನಮ್ಮ ದುಡ್ಡಲ್ಲಿ ಎಷ್ಟಾಗುತ್ತೆ?”

ಗಣೇಶನ ಹಬ್ಬದ ಮಾರನೇ ದಿನ, ರಾತ್ರಿ ಒಂಬತ್ತೂವರೆಗೆ ಬಂದ ಫೋನು. ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ನಾನು ನಿವೃತ್ತನಾಗಿ ಕೆಲವು ವರ್ಷಗಳೇ ಆದವು. ಆದರೂ ಪಿಎಚ್‌.ಡಿ ಹುಡುಗ ಹುಡುಗಿಯರ ಫೋನು ನಿಂತಿಲ್ಲ. ಈಕೆ ಸಸ್ಯಶಾಸ್ತ್ರದವಳು. ರಾಗಿಗೆ ಬರುವ ಬೆಂಕಿ ರೋಗದ ಮೇಲೆ ಕೆಲಸ ಮಾಡುತ್ತಿದ್ದಾಳೆ. ಹಬ್ಬಕ್ಕೆ ಊರಿಗೆ ಹೋದವಳು ಅಪ್ಪನ ಹೊಲದಲ್ಲಿ ಎಲೆಯ ಮೇಲೆ ಕದಿರಿನಾಕಾರದ ಕಲೆಗಳನ್ನು ಕಂಡು, ಅದರ ಬಗ್ಗೆ ಎಲ್ಲೋ ಓದಿದ್ದ ಲೇಖನವೊಂದನ್ನು ಮೊಬೈಲಿನಲ್ಲಿ ತೆರೆದಿದ್ದಾಳೆ. ಸಾರಾಂಶ ಕಾಣಿಸಿತು. ಕೆಳಗೆ ಹೋದರೆ ಬಾಗಿಲು ಹಾಕಿತ್ತು. ದುಡ್ಡು ಕೊಟ್ಟರೆ ಮುಂದಿನ ಪುಟ.

“ಮೂರು ಸಾವಿರದ ಮೇಲಾಗುತ್ತಮ್ಮ. ಕೊಡಬೇಡ. ಎಲ್ಲಿ ಕೂತು ನೋಡ್ತಾ ಇದ್ದೀಯ?”

“ಊರಲ್ಲೇ ಸರ್. ಹೋದ ವಾರ ಲ್ಯಾಬಲ್ಲಿ ಇದೇ ಪತ್ರಿಕೆ ತೆಗೆದಿದ್ದೆ, ಅಲ್ಲಿ ದುಡ್ಡು ಕೇಳಿರಲಿಲ್ಲ. ನಮ್ಮೂರ ನೆಟ್‌ವರ್ಕೇ ಸರಿ ಇಲ್ಲ ಅನ್ಕೊಂಡೆ.”

ಪಿಎಚ್‌.ಡಿಯ ಎರಡನೇ ವರ್ಷದಲ್ಲಿರುವ ಹುಡುಗಿ ಆಡಿದ ಮಾತಿದು. ತಪ್ಪು ಅವಳದಲ್ಲ. ಕ್ಯಾಂಪಸ್ಸಿನಲ್ಲಿ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಆದ್ದರಿಂದ ಅಲ್ಲೊಂದು ಬಾಗಿಲಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ.

ವ್ಯವಸ್ಥೆ ಹೀಗಿದೆ. ವಿದ್ವತ್ ಪತ್ರಿಕೆಯ ಪ್ರಕಾಶಕರಿಗೆ ನೀವು ಯಾರೆಂದು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಅವರ ಹತ್ತಿರ ಇರುವುದು ಒಂದು ಪಟ್ಟಿ. ಇಂತಿಂಥ ವಿಶ್ವವಿದ್ಯಾಲಯ ಚಂದಾ ಕಟ್ಟಿದೆ, ಅದರ ಕಂಪ್ಯೂಟರುಗಳು ಇಂತಿಂಥ ಐಪಿ ವಿಳಾಸದಿಂದ ಬರುತ್ತವೆ, ಅಷ್ಟೇ. ಕ್ಯಾಂಪಸ್ಸಿನ ವೈಫೈಗೆ ಸೇರಿಕೊಂಡ ಯಾವ ಮೊಬೈಲಾದರೂ ಆ ವಿಳಾಸದಿಂದಲೇ ಹೊರಡುತ್ತದೆ, ಒಳಗೆ ಹೋಗುತ್ತದೆ. ಕಲ್ಯಾಣಮಂಟಪದ ಊಟದಂತೆ: ಪಂಕ್ತಿಯಲ್ಲಿ ಕೂತವನಿಗೆ ಎಲೆ ಬೀಳುತ್ತದೆ, ಗಂಡಿನ ಕಡೆಯವನೋ ಹೆಣ್ಣಿನ ಕಡೆಯವನೋ ಎಂದು ಬಡಿಸುವವರು ಕೇಳುವುದಿಲ್ಲ. ಅದೇ ಮನುಷ್ಯ ರಸ್ತೆಯಾಚೆ ಹೋಟೆಲಿಗೆ ಹೋದರೆ ಬಿಲ್ಲು ಬರುತ್ತದೆ. ನಮ್ಮ ಹುಡುಗಿ ಊರಿನ ಮೊಬೈಲ್ ಡೇಟಾದಲ್ಲಿ ಹೋಟೆಲಿಗೆ ಹೋಗಿದ್ದಳು.

ಮಂಟಪದಿಂದ ದೂರ ಇರುವ ನೆಂಟರಿಗೂ ಊಟ ತಲುಪಿಸುವ ದಾರಿಗಳಿವೆ. ಹಳೆಯದು, ಈಗಲೂ ಬಹಳ ಕಡೆ ನಡೆಯುವುದು, ಪ್ರಾಕ್ಸಿ. ನೀವು ಮನೆಯಿಂದ ಗ್ರಂಥಾಲಯದ ಪುಟಕ್ಕೆ ಹೋಗಿ ನಿಮ್ಮ ಹೆಸರು, ಪಾಸ್‌ವರ್ಡ್ ಕೊಡುತ್ತೀರಿ. ಅಲ್ಲಿಂದ ಮುಂದೆ ಗ್ರಂಥಾಲಯದ ಸರ್ವರ್ ನಿಮ್ಮ ಪರವಾಗಿ ಪ್ರಕಾಶಕರ ಬಾಗಿಲು ತಟ್ಟುತ್ತದೆ. ಬ್ರೌಸರಿನ ಮೇಲಿನ ವಿಳಾಸ ನೋಡಿದರೆ ಗೊತ್ತಾಗುತ್ತದೆ, ಪತ್ರಿಕೆಯ ಹೆಸರಿನ ಬಾಲಕ್ಕೆ ನಿಮ್ಮ ವಿಶ್ವವಿದ್ಯಾಲಯದ ಹೆಸರು ಅಂಟಿಕೊಂಡಿರುತ್ತದೆ. ಜಗತ್ತಿನ ಗ್ರಂಥಾಲಯಗಳು ಹೆಚ್ಚಾಗಿ ಬಳಸುವ ಈಝಡ್‌ಪ್ರಾಕ್ಸಿ ಎಂಬ ತಂತ್ರಾಂಶವನ್ನು 1999ರಲ್ಲಿ ಹೊರತಂದವರು ಕ್ರಿಸ್ ಝಾಗರ್, ಅಮೆರಿಕದ ಅರಿಝೋನಾದ ಒಂದು ಸಮುದಾಯ ಕಾಲೇಜಿನ ಗ್ರಂಥಪಾಲಕ. ಈ ಸಂಗತಿ ಹೇಳುವಾಗ ನನಗೆ ಸ್ವಲ್ಪ ಜಾತ್ಯಭಿಮಾನ. ಗ್ರಂಥಪಾಲಕರೆಂದರೆ ಪುಸ್ತಕಕ್ಕೆ ಚೀಟಿ ಅಂಟಿಸುವವರು ಎಂದುಕೊಂಡವರಿಗೆ ಹೇಳಲೇಬೇಕಾದ್ದು.

ಎರಡನೆಯದು ಒಕ್ಕೂಟದ ಲಾಗಿನ್. ಭಾರತದಲ್ಲಿ ಇದನ್ನು ನಡೆಸುವುದು ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಒಂದು ಜಾಲಕ್ಕೆ ತರಲು ಯುಜಿಸಿ 1991ರಲ್ಲಿ ಆರಂಭಿಸಿದ ಕೇಂದ್ರ. ಅದರ ಒಕ್ಕೂಟದ ಹೆಸರು ಇನ್‌ಫೆಡ್. ಪ್ರಕಾಶಕರ ಪುಟದಲ್ಲಿ ‘ಖರೀದಿಸಿ’ ಎಂಬ ದಪ್ಪ ಬಟನ್ನಿನ ಆಸುಪಾಸಿನಲ್ಲಿ, ಸಣ್ಣ ಅಕ್ಷರದಲ್ಲಿ, ‘ನಿಮ್ಮ ಸಂಸ್ಥೆಯ ಮೂಲಕ ಪ್ರವೇಶಿಸಿ’ ಎಂಬ ಅರ್ಥದ ಇಂಗ್ಲಿಷ್ ಸಾಲೊಂದಿರುತ್ತದೆ. ಅದನ್ನು ಒತ್ತಿ, ಇನ್‌ಫೆಡ್ ಆರಿಸಿ, ನಿಮ್ಮ ವಿಶ್ವವಿದ್ಯಾಲಯದ ಹೆಸರು ಆರಿಸಿ, ಗ್ರಂಥಾಲಯ ಕೊಟ್ಟ ಐಡಿ ಹಾಕಿದರೆ ಬಾಗಿಲು ತೆರೆಯಿತು. ದಪ್ಪ ಬಟನ್ ಏಕೆ ದಪ್ಪ, ಸಣ್ಣ ಸಾಲು ಏಕೆ ಸಣ್ಣ ಎಂದು ನನ್ನನ್ನು ಕೇಳಬೇಡಿ. ಅಂಗಡಿ ಇಟ್ಟವರಿಗೆ ಗೊತ್ತು.

ಈ ಒಕ್ಕೂಟದ ಲಾಗಿನ್ನಿನ ಹಿಂದಿರುವ ತಂತ್ರಾಂಶದ ಹೆಸರು ಶಿಬೊಲೆತ್. ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಬರುವ ಕಥೆ. ಯುದ್ಧದಲ್ಲಿ ಸೋತವರು ಹೊಳೆ ದಾಟಿ ತಪ್ಪಿಸಿಕೊಳ್ಳುವಾಗ, ಗೆದ್ದವರು ಅಡ್ಡ ನಿಂತು ‘ಶಿಬೊಲೆತ್’ ಅನ್ನು ಎನ್ನುತ್ತಿದ್ದರಂತೆ. ನಾಲಿಗೆ ‘ಶ’ಗೆ ಹೊರಳದೆ ‘ಸ’ ಅಂದವನು ಶತ್ರು. ನಮ್ಮಲ್ಲಾಗಿದ್ದರೆ ‘ಹಾಲು’ ಅನ್ನಿಸುತ್ತಿದ್ದರೇನೋ. ಮಂಡ್ಯ ಕಡೆಯ ಅರ್ಧ ಜನ ಆಚೆ ದಡದಲ್ಲೇ ಉಳಿಯುತ್ತಿದ್ದೆವು. ಅಂದ ಹಾಗೆ ಆ ಹೀಬ್ರೂ ಶಬ್ದದ ಒಂದು ಅರ್ಥ ‘ತೆನೆ’. ರಾಗಿಯ ಹುಡುಗಿಗೆ ಇದನ್ನು ಹೇಳಿದಾಗ ನಕ್ಕಳು. ಆಮೇಲೆ, “ಸರ್, ನನಗೆ ಆ ಐಡಿನೇ ಯಾರೂ ಕೊಟ್ಟಿಲ್ವಲ್ಲ” ಅಂದಳು.

ನಾನು ಈ ಅಂಕಣ ಬರೆಯಲು ಕೂತದ್ದು ಆ ಒಂದು ಮಾತಿಗೆ. ದುಡ್ಡು ಇಲ್ಲ ಎಂದು ನಾವು ದಶಕಗಳ ಕಾಲ ಅತ್ತೆವು. ಅಳುವುದಕ್ಕೆ ಕಾರಣವೂ ಇತ್ತು. ಈಗ ದುಡ್ಡು ಕಟ್ಟಿಯಾಗಿದೆ. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025, 2026, 2027, ಈ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಅಂತಾರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ವಿದ್ವತ್ ಪತ್ರಿಕೆಗಳು. 6,300ಕ್ಕೂ ಹೆಚ್ಚು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳು ಮತ್ತು ಕೇಂದ್ರದ ಸಂಶೋಧನಾ ಸಂಸ್ಥೆಗಳು. ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರು ಸೇರಿ ಹತ್ತಿರ ಹತ್ತಿರ 1.8 ಕೋಟಿ ಜನ. ಎಲ್ಸೆವಿಯರ್, ಸ್ಪ್ರಿಂಗರ್ ನೇಚರ್, ವೈಲಿ, ಟೇಲರ್ ಆಂಡ್ ಫ್ರಾನ್ಸಿಸ್, ಆಕ್ಸ್‌ಫರ್ಡ್, ಕೇಂಬ್ರಿಜ್ ಎಲ್ಲ ಅದರೊಳಗೆ. 2025ರ ಜನವರಿ 1ರಿಂದ ಬಾಗಿಲು ತೆರೆದಿದೆ. ಅದಕ್ಕೂ ಮುಂಚೆ ಬೇರೆ ಬೇರೆ ಸಚಿವಾಲಯಗಳ ಕೆಳಗೆ ಹತ್ತು ಒಕ್ಕೂಟಗಳಿದ್ದವು. ಕೃಷಿಯವರದು ಒಂದು, ವಿಜ್ಞಾನ ಪ್ರಯೋಗಾಲಯಗಳದು ಇನ್ನೊಂದು, ವಿಶ್ವವಿದ್ಯಾಲಯಗಳದು ಮತ್ತೊಂದು. ಒಂದೇ ಪತ್ರಿಕೆಗೆ ಸರ್ಕಾರ ಬೇರೆ ಬೇರೆ ಕಿಸೆಯಿಂದ ದುಡ್ಡು ಕೊಡುತ್ತಿತ್ತು.

ಅಂದರೆ ಆ ಹುಡುಗಿಯ ಲೇಖನಕ್ಕೆ ಅವಳ ಅಪ್ಪನ ತೆರಿಗೆಯಿಂದಲೇ ಚಂದಾ ಹೋಗಿದೆ. ಬೀಗದ ಕೈ ಮಾತ್ರ ಅವಳಿಗೆ ತಲುಪಿಲ್ಲ. ವಿಚಾರಿಸಿದರೆ, ಗ್ರಂಥಾಲಯದ ಬಾಗಿಲಲ್ಲಿ ನೋಟೀಸು ಹಚ್ಚಿದ್ದಾರೆ. ಇಂಗ್ಲಿಷಿನಲ್ಲಿ, ಗಾಜಿನೊಳಗೆ, ಅಂತರ ಕಾಲೇಜು ಕಬಡ್ಡಿ ಪಂದ್ಯದ ಪ್ರಕಟಣೆಯ ಹಿಂದೆ. ವಿಭಾಗದಿಂದ ಹೆಸರುಗಳ ಪಟ್ಟಿ ಬಂದರೆ ಐಡಿ ಕೊಡುತ್ತೇವೆ ಎಂದು ಗ್ರಂಥಾಲಯ. ಗ್ರಂಥಾಲಯದವರು ಕೇಳಿದರೆ ಪಟ್ಟಿ ಕಳಿಸುತ್ತೇವೆ ಎಂದು ವಿಭಾಗ. ಎಷ್ಟೋ ಪದವಿ ಕಾಲೇಜುಗಳಲ್ಲಿ ಗ್ರಂಥಪಾಲಕರ ಹುದ್ದೆಯೇ ಖಾಲಿ, ಅಲ್ಲಿ ನೋಟೀಸು ಹಚ್ಚುವವರೂ ಇಲ್ಲ. ಆರು ಸಾವಿರ ಕೋಟಿಯ ಯೋಜನೆ ಒಂದು ಹಾಳೆಯ ಪಟ್ಟಿಗಾಗಿ ಕಾಯುತ್ತಾ ಕೂರುವುದನ್ನು ನೋಡಿದರೆ ಸಿಟ್ಟು ಬರುತ್ತದೆ.

ಕಾಲೇಜಿನ ಅಧ್ಯಾಪಕರು, ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಇನ್‌ಫ್ಲಿಬ್‌ನೆಟ್‌ನದೇ ಎನ್‌-ಲಿಸ್ಟ್ ಎಂಬ ಯೋಜನೆ ಇದೆ, ಕಾಲೇಜುಗಳಿಗೆಂದೇ ಮಾಡಿದ್ದು. ಕಾಲೇಜು ಸದಸ್ಯತ್ವ ಪಡೆದಿದ್ದರೆ ಒಬ್ಬೊಬ್ಬರಿಗೂ ಬೇರೆ ಐಡಿ, ಬೇರೆ ಪಾಸ್‌ವರ್ಡ್. ಮನೆಯಲ್ಲಿ ಕೂತೇ ಓದಬಹುದು. ನಿಮ್ಮ ಕಾಲೇಜು ಅದರಲ್ಲಿದೆಯೇ ಎಂದು ನಾಳೆ ಬೆಳಿಗ್ಗೆ ಕೇಳಿ ನೋಡಿ.

ಮುದ್ರಣದ ಕಾಲಕ್ಕೂ ಈಗಿನದಕ್ಕೂ ಒಂದು ವ್ಯತ್ಯಾಸ ಇದೆ, ಅದನ್ನು ಹೊರಗಿನವರು ಅಷ್ಟಾಗಿ ಗಮನಿಸುವುದಿಲ್ಲ. ನಾನು ಕೆಲಸಕ್ಕೆ ಸೇರಿದಾಗ ನಿಯತಕಾಲಿಕಗಳ ವಿಭಾಗದಲ್ಲಿ ವರ್ಷದ ಸಂಚಿಕೆಗಳನ್ನು ಬೈಂಡ್ ಮಾಡಿಸಿ, ಬೆನ್ನಿಗೆ ಚಿನ್ನದ ಬಣ್ಣದ ಅಕ್ಷರ ಒತ್ತಿಸಿ ಕಪಾಟಿಗೆ ಏರಿಸುತ್ತಿದ್ದೆವು. ಬಜೆಟ್ ಕಡಿತವಾಗಿ ಚಂದಾ ನಿಲ್ಲಿಸಿದರೂ ಹಿಂದಿನ ಮೂವತ್ತು ಸಂಪುಟ ನಮ್ಮವೇ. ಈಗ ನಾವು ಕೊಡುತ್ತಿರುವುದು ಹೆಚ್ಚಿನಂಶ ಬಾಡಿಗೆ. ಒಪ್ಪಂದದಲ್ಲಿ ಹಳೆಯ ಸಂಚಿಕೆಗಳ ಹಕ್ಕು ಬರೆಸಿಕೊಳ್ಳದಿದ್ದರೆ, ಚಂದಾ ನಿಂತ ದಿನ ಓದುವುದೂ ನಿಂತಿತು. ಮೂರು ವರ್ಷದ ಯೋಜನೆ ಎಂದು ಓದಿದಾಗಲೆಲ್ಲ ನನಗೆ ನಾಲ್ಕನೇ ವರ್ಷದ ಚಿಂತೆ.

ಬಾಗಿಲು ತೆರೆದ ಮೇಲೆ ಒಳಗೆ ಹುಡುಕುವುದು ಬೇರೆಯೇ ವಿದ್ಯೆ. ಮೂರನೇ ದಿನ ಹುಡುಗಿ ಊರಿಂದ ವಾಪಸು ಬಂದು ಐಡಿ ಮಾಡಿಸಿಕೊಂಡಳು. ನಾನೂ ಹಳೆಯ ಅಭ್ಯಾಸ ಬಿಡಲಾರದೆ ಗ್ರಂಥಾಲಯದ ಕಡೆ ಹೋಗಿದ್ದೆ. ಪಕ್ಕದಲ್ಲಿ ಕೂತು ನೋಡಿದೆ. ಹುಡುಕು ಚೌಕದಲ್ಲಿ ಅವಳು ಟೈಪ್ ಮಾಡಿದ್ದು ಎರಡೇ ಪದ: ರಾಗಿ, ಬ್ಲಾಸ್ಟ್. ಬೆಂಕಿ ರೋಗಕ್ಕೆ ಇಂಗ್ಲಿಷಿನಲ್ಲಿ ಬ್ಲಾಸ್ಟ್. ಬಂದದ್ದು ಕೈಬೆರಳೆಣಿಕೆಯಷ್ಟು, ಅದರಲ್ಲೂ ಕೆಲವು ರೋಗಕ್ಕೆ ಸಂಬಂಧವೇ ಇಲ್ಲದ ವಂಶವಾಹಿಗಳ ಲೇಖನಗಳು. ಏಕೆಂದರೆ ಡಿಎನ್‌ಎ ಸರಣಿಗಳನ್ನು ಹೋಲಿಸಿ ನೋಡುವ ತಂತ್ರಾಂಶವೊಂದು 1990ರಲ್ಲಿ ಬಂತು, ಅದರ ಹೆಸರೂ ಬ್ಲಾಸ್ಟ್. ಯಂತ್ರಕ್ಕೆ ಎರಡೂ ಒಂದೇ.

ರಾಗಿ ಎಂಬುದು ನಮ್ಮ ಹೆಸರು. ಜಗತ್ತಿನ ಸಂಶೋಧಕರಲ್ಲಿ ಹೆಚ್ಚಿನವರು ಅದನ್ನು ಫಿಂಗರ್ ಮಿಲೆಟ್ ಎನ್ನುತ್ತಾರೆ, ತೆನೆ ಬೆರಳು ಮಡಚಿದ ಹಾಗೆ ಕಾಣುವುದರಿಂದ. ಸಸ್ಯಶಾಸ್ತ್ರದ ಹೆಸರು ಎಲ್ಯುಸಿನೆ ಕೊರಕಾನ. ಆ ಕೊರಕಾನ ಬಂದದ್ದು ಸಿಂಹಳದ ಕುರಕ್ಕನ್‌ನಿಂದ. ಮಹಾರಾಷ್ಟ್ರದಲ್ಲಿ ನಾಚಣಿ, ಉತ್ತರಾಖಂಡದಲ್ಲಿ ಮಂಡುವಾ, ಇಥಿಯೋಪಿಯಾದಲ್ಲಿ ದಗುಸ್ಸಾ, ಕೆನ್ಯಾದಲ್ಲಿ ವಿಂಬಿ. ಯಾವ ಊರಿನವನು ಲೇಖನ ಬರೆದನೋ ಆ ಊರಿನ ಹೆಸರು ಶೀರ್ಷಿಕೆಯಲ್ಲಿ ಕೂತಿರಬಹುದು. ರೋಗಾಣುವಿನ ಕಥೆ ಇನ್ನೂ ಜಟಿಲ. ಅದು ಶಿಲೀಂಧ್ರ. ಹಳೆಯ ಲೇಖನಗಳಲ್ಲಿ ಪೈರಿಕ್ಯುಲೇರಿಯಾ ಗ್ರೈಸಿಯಾ, ಇನ್ನು ಕೆಲವದರಲ್ಲಿ ಮ್ಯಾಗ್ನಪೋರ್ತೆ ಗ್ರೈಸಿಯಾ, ಈಚೆಗೆ ಪೈರಿಕ್ಯುಲೇರಿಯಾ ಒರೈಝೆ. ವಿಜ್ಞಾನಿಗಳು ವರ್ಗೀಕರಣ ತಿದ್ದಿದಾಗೆಲ್ಲ ಹೆಸರು ಬದಲಾಯಿತು, ಹಳೆಯ ಲೇಖನಗಳು ಹಳೆಯ ಹೆಸರಿನಲ್ಲೇ ಉಳಿದವು.

ಆದ್ದರಿಂದ ಹುಡುಕುವ ಮುನ್ನ ಪೆನ್ನು, ಕಾಗದ. ಒಂದು ಕಡೆ ಬೆಳೆಯ ಹೆಸರುಗಳೆಲ್ಲ, ಇನ್ನೊಂದು ಕಡೆ ರೋಗದ ಹೆಸರುಗಳೆಲ್ಲ. ಒಂದೇ ಕಡೆಯ ಹೆಸರುಗಳ ನಡುವೆ ‘ಆರ್’ ಎಂಬ ಇಂಗ್ಲಿಷ್ ಪದ, ಅಂದರೆ ಇವುಗಳಲ್ಲಿ ಯಾವುದಿದ್ದರೂ ಸರಿ. ಎರಡು ಗುಂಪುಗಳ ನಡುವೆ ‘ಆಂಡ್’, ಅಂದರೆ ಎರಡೂ ಕಡೆಯಿಂದ ಒಂದೊಂದಾದರೂ ಇರಲೇಬೇಕು. ಇವನ್ನು ದೊಡ್ಡಕ್ಷರದಲ್ಲೇ ಟೈಪ್ ಮಾಡುವುದು ಒಳ್ಳೆಯದು. ಒಂದೊಂದು ಗುಂಪಿಗೂ ಆವರಣ ಚಿಹ್ನೆ. ಫಿಂಗರ್ ಮಿಲೆಟ್ ಎಂಬ ಎರಡು ಪದ ಒಟ್ಟಿಗೇ ಬರಬೇಕಾದರೆ ಉದ್ಧರಣ ಚಿಹ್ನೆಯೊಳಗೆ, ಇಲ್ಲದಿದ್ದರೆ ಬೆರಳಿಗೆ ಏಟಾದ ರೋಗಿಯೂ ಬರುತ್ತಾನೆ. ಪದದ ಬುಡ ಬರೆದು ನಕ್ಷತ್ರ ಚಿಹ್ನೆ ಹಾಕಿದರೆ ಅದರ ಏಕವಚನ, ಬಹುವಚನ ಎಲ್ಲ ಸಿಗುತ್ತವೆ. ಇಷ್ಟನ್ನು ಅವಳ ಕೈಯಲ್ಲೇ ಬರೆಸಿದೆ. ಒತ್ತಿದಳು. ಪುಟದ ಮೇಲೆ ಬಂದ ಸಂಖ್ಯೆ ನೋಡಿ, “ಅಯ್ಯೋ ಇಷ್ಟೊಂದು ಓದೋದು ಯಾವಾಗ ಸರ್?” ಎಂದಳು.

ಆಗ ಎಡಗಡೆಯ ಕಾಲಂ ತೋರಿಸಿದೆ. ವರ್ಷ, ವಿಷಯ, ದೇಶ, ಭಾಷೆ, ಲೇಖನದ ಬಗೆ ಎಂದು ಒಂದೊಂದರ ಪಕ್ಕ ಚೌಕ. ಟಿಕ್ ಮಾಡುತ್ತ ಹೋದಂತೆ ರಾಶಿ ಕರಗುತ್ತದೆ. ಮೊಬೈಲಿನಲ್ಲಿ ಸೀರೆ ಕೊಳ್ಳುವವರಿಗೂ ಇದು ಪರಿಚಿತ: ಬಣ್ಣ, ಬೆಲೆ, ರೇಷ್ಮೆಯೋ ಹತ್ತಿಯೋ. ಒಂದು ವಸ್ತುವನ್ನು ಒಂದೇ ಗೂಡಿಗೆ ತುರುಕದೆ ಅದರ ಬೇರೆ ಬೇರೆ ಮುಖಗಳಿಂದ ಗುರುತಿಸುವ ಈ ಆಲೋಚನೆಯನ್ನು ಗ್ರಂಥಾಲಯ ಶಾಸ್ತ್ರದಲ್ಲಿ ಗಟ್ಟಿಯಾಗಿ ಕಟ್ಟಿದವರು ಎಸ್‌. ಆರ್‌. ರಂಗನಾಥನ್. ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದಾಗ, 1933ರಲ್ಲಿ, ಕೋಲನ್ ವರ್ಗೀಕರಣ ಪ್ರಕಟಿಸಿದರು. ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅವರು ಇಲ್ಲಿ ಸ್ಥಾಪಿಸಿದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಈಗಲೂ ಇದೆ. 1972ರಲ್ಲಿ ತೀರಿಕೊಂಡದ್ದೂ ಇದೇ ಊರಲ್ಲಿ. ಓದುಗನ ಸಮಯ ಉಳಿಸಬೇಕೆಂಬುದು ಅವರ ಐದು ಸೂತ್ರಗಳಲ್ಲಿ ನಾಲ್ಕನೆಯದು. ಕೌಂಟರಿನಲ್ಲಿ ಕೂತವರು ಈ ಸೂತ್ರವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿಯೇ ಬಂದಿರುತ್ತಾರೆ. ನೆನಪಿಸಿದರೆ ತಪ್ಪಿಲ್ಲ.

ಎಲ್ಲ ಡೇಟಾಬೇಸೂ ಒಂದೇ ಜಾತಿಯದಲ್ಲ. ಸ್ಕೋಪಸ್, ವೆಬ್ ಆಫ್ ಸೈನ್ಸ್, ಕೃಷಿಯವರ ಕ್ಯಾಬ್ ಆ್ಯಬ್‌ಸ್ಟ್ರಾಕ್ಟ್ಸ್ ಇವೆಲ್ಲ ಸೂಚಿಗಳು. ಯಾವ ಲೇಖನ ಎಲ್ಲಿದೆ ಎಂದು ಹೇಳುತ್ತವೆ, ಮೊದಲೆರಡು ಅದನ್ನು ಆಮೇಲೆ ಯಾರು ಯಾರು ಉಲ್ಲೇಖಿಸಿದ್ದಾರೆ ಎಂದೂ ತೋರಿಸುತ್ತವೆ. ಪೂರ್ತಿ ಲೇಖನ ಸಾಮಾನ್ಯವಾಗಿ ಅವುಗಳಲ್ಲಿರುವುದಿಲ್ಲ. ಇವಕ್ಕೆ ವಿಶ್ವವಿದ್ಯಾಲಯ ಬೇರೆಯೇ ದುಡ್ಡು ಕಟ್ಟಿರಬೇಕು. ಜೆಸ್ಟೋರ್ ಪೂರ್ತಿ ಲೇಖನ ಕೊಡುತ್ತದೆ, ಆದರೆ ಅಲ್ಲಿನ ಬಹಳಷ್ಟು ಪತ್ರಿಕೆಗಳ ಇತ್ತೀಚಿನ ಕೆಲವು ವರ್ಷಗಳ ಸಂಚಿಕೆ ಸಿಗುವುದಿಲ್ಲ. ವರ್ಷ ಕಳೆದಂತೆ ಈ ಅಡ್ಡಗೋಡೆ ಒಂದು ವರ್ಷ ಮುಂದಕ್ಕೆ ಸರಿಯುತ್ತದೆ. ಹೊಸ ಸಂಚಿಕೆ ಕಾಣಲಿಲ್ಲವೆಂದು ಪತ್ರಿಕೆಯೇ ನಿಂತುಹೋಗಿದೆ ಎಂದುಕೊಂಡ ಅಧ್ಯಾಪಕರನ್ನು ನಾನು ಕಂಡಿದ್ದೇನೆ.

ಕನ್ನಡದಲ್ಲಿ ಸಂಶೋಧನೆ ಮಾಡುವವರ ಪಾಡು ಬೇರೆ. ಅವರಿಗೆ ಈ ಹದಿಮೂರು ಸಾವಿರದಿಂದ ದಕ್ಕುವುದು ಕಡಿಮೆ. ಮುಖ್ಯ ಆಸರೆ ಶೋಧಗಂಗಾ. ಪಿಎಚ್‌.ಡಿ ಪ್ರಬಂಧಗಳ ವಿದ್ಯುನ್ಮಾನ ಪ್ರತಿ ಕೊಡಬೇಕೆಂದು ಯುಜಿಸಿ 2009ರಲ್ಲಿ ನಿಯಮ ಮಾಡಿದ ಮೇಲೆ ಬೆಳೆದ ಭಂಡಾರ ಅದು. ಚಂದಾ ಬೇಡ, ಐಡಿ ಬೇಡ, ಯಾರು ಬೇಕಾದರೂ ಓದಬಹುದು. ಅಲ್ಲಿ ಕನ್ನಡದ ಪ್ರಬಂಧಗಳೂ ಬೇಕಾದಷ್ಟಿವೆ. ಹುಡುಕಿದರೆ ಸಿಗುವುದಿಲ್ಲ, ಅಷ್ಟೇ. ಕಾರಣ ಎರಡು. ಒಂದು, ಎಷ್ಟೋ ಪ್ರಬಂಧಗಳನ್ನು ಯುನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಟೈಪ್ ಮಾಡಿಸಿದ್ದಾರೆ. ಕಣ್ಣಿಗೆ ಮುದ್ದಾದ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಎರಡು, ಶೀರ್ಷಿಕೆಯನ್ನು ಇಂಗ್ಲಿಷ್ ಲಿಪಿಗೆ ಇಳಿಸುವಾಗ ಒಬ್ಬೊಬ್ಬರದು ಒಂದೊಂದು ದಾರಿ. ಸಾಹಿತ್ಯದ ‘ತ್ಯ’ಕ್ಕೆ ಒಬ್ಬರು ಒಂದು ‘ಎಚ್’ ಸೇರಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಅಧ್ಯಯನದ ಮಹಾಪ್ರಾಣ ಒಂದು ಕಡೆ ಇದೆ, ಒಂದು ಕಡೆ ಇಲ್ಲ. ಎಂ. ಎಂ. ಕಲಬುರ್ಗಿಯವರ ಹೆಸರನ್ನೇ ಎರಡು ಮೂರು ಕಾಗುಣಿತದಲ್ಲಿ ಹಾಕಿ ನೋಡಿ, ಬೇರೆ ಬೇರೆ ಫಲಿತಾಂಶ. ಇಲ್ಲಿ ಉಪಾಯ ಒಂದೇ, ತಪ್ಪು ಕಾಗುಣಿತವನ್ನೂ ಸೇರಿಸಿ ಹುಡುಕುವುದು. ಮಹಾಪ್ರಾಣ ಬಿಟ್ಟವನ ಪ್ರಬಂಧದಲ್ಲೂ ಒಳ್ಳೆಯ ಮಾಹಿತಿ ಇರಬಹುದು.

ಕನ್ನಡಕ್ಕೆ ಮಾಡಲಾಗದ ಕೆಲಸವೇನಲ್ಲ ಇದು. ‘ವಚನ ಸಂಚಯ’ ನೋಡಿ. ಯುನಿಕೋಡಿನಲ್ಲಿ ವಚನಗಳನ್ನು ತುಂಬಿಸಿದ್ದಾರೆ. ‘ಕೂಡಲಸಂಗಮದೇವ’ ಎಂದರೆ ಸರಿ, ‘ಕಾಯಕ’ ಎಂದರೂ ಸರಿ, ಯಾವ ವಚನಕಾರರು ಎಲ್ಲೆಲ್ಲಿ ಬಳಸಿದ್ದಾರೆಂದು ಕ್ಷಣದಲ್ಲಿ ತೋರಿಸುತ್ತದೆ. ಕಾಸು ಕೇಳುವುದಿಲ್ಲ. ಇಂಥದ್ದು ಹಳಗನ್ನಡ ಕಾವ್ಯಕ್ಕೆ, ಶಾಸನಗಳಿಗೆ, ವಿಶ್ವವಿದ್ಯಾಲಯಗಳ ಹಳೆಯ ಪತ್ರಿಕೆಗಳಿಗೆ ಬೇಕು. 1919ರಲ್ಲಿ ಹುಟ್ಟಿದ ‘ಪ್ರಬುದ್ಧ ಕರ್ಣಾಟಕ’ದ ಹಳೆಯ ಸಂಪುಟ, ಧಾರವಾಡದ ‘ಕರ್ನಾಟಕ ಭಾರತಿ’, ಬೆಂಗಳೂರಿನ ‘ಸಾಧನೆ’ ಬೇಕೆಂದರೆ ಇವತ್ತಿಗೂ ಕಪಾಟಿನ ಮುಂದೆ ನಿಂತು ಧೂಳು ಕೊಡವುವುದೇ ಭದ್ರವಾದ ದಾರಿ.

ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳು ‘ಕೃಷಿಕೋಶ’ದಲ್ಲಿವೆ. ಹುಡುಗಿಗೆ ಅದನ್ನೂ ತೋರಿಸಿದೆ. ರಾಗಿ ಲಕ್ಷ್ಮಣಯ್ಯನವರು ಆಫ್ರಿಕದ ತಳಿಯನ್ನೂ ನಮ್ಮದನ್ನೂ ಕೂಡಿಸಿ ಮಾಡಿದ ಇಂಡಾಫ್ ತಳಿಗಳ ಮೇಲೆ ಕೆಲಸ ಮಾಡಿದವರ ಪ್ರಬಂಧಗಳು ಅಲ್ಲಿ ಸಿಗುತ್ತವೆ. ವಿದೇಶಿ ಪತ್ರಿಕೆಯ ಹತ್ತು ಪುಟದ ಲೇಖನಕ್ಕಿಂತ ನಮ್ಮದೇ ಮಣ್ಣಿನ ಇನ್ನೂರು ಪುಟದ ಪ್ರಬಂಧ ಎಷ್ಟೋ ಸಲ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಯಾವ ಮಳೆಗೆ ಯಾವ ಹೊಲದಲ್ಲಿ ರೋಗ ಎಷ್ಟಿತ್ತು ಎಂಬ ಕೋಷ್ಟಕ ಅದರಲ್ಲಿರುತ್ತದೆ.

ಒಂದು ಎಚ್ಚರಿಕೆ. ಐಡಿ ಸಿಕ್ಕಿತೆಂದು ಒಂದು ರಾತ್ರಿಯಲ್ಲಿ ಪತ್ರಿಕೆಯ ನಲವತ್ತು ವರ್ಷದ ಸಂಚಿಕೆ ಇಳಿಸಿಕೊಳ್ಳಲು ಹೋಗಬೇಡಿ. ನನ್ನ ಕಾಲದಲ್ಲಿ ಎಂ.ಎಸ್ಸಿ ಹುಡುಗನೊಬ್ಬ ಡೌನ್‌ಲೋಡ್ ತಂತ್ರಾಂಶ ಹಚ್ಚಿ ಮಲಗಿದ. ಬೆಳಿಗ್ಗೆ ಎದ್ದರೆ ಪ್ರಕಾಶಕರು ಇಡೀ ಕ್ಯಾಂಪಸ್ಸಿನ ವಿಳಾಸವನ್ನೇ ಮುಚ್ಚಿದ್ದರು. ನಾಲ್ಕು ದಿನ ಯಾರಿಗೂ ಒಂದು ಲೇಖನ ಇಲ್ಲ. ನಾನು ತಪ್ಪೊಪ್ಪಿಗೆ ಪತ್ರ ಬರೆದು ಬಾಗಿಲು ತೆರೆಸಬೇಕಾಯಿತು. ಹುಡುಗ ಇಳಿಸಿದ್ದರಲ್ಲಿ ಒಂದನ್ನೂ ಓದಿರಲಿಲ್ಲ. ಹಾಗೆಯೇ ಪಾಸ್‌ವರ್ಡನ್ನು ಷಡ್ಡಕನ ಮಗನಿಗೆ, ಅವನ ಸ್ನೇಹಿತನಿಗೆ ಕೊಡುವುದು. ಯಾರು ಏನು ಮಾಡಿದರೂ ಲೆಕ್ಕ ನಿಮ್ಮ ಹೆಸರಿಗೆ ಬರುತ್ತದೆ.

ಇಷ್ಟು ಹೇಳುವಾಗ ಸೈ-ಹಬ್ ಬಗ್ಗೆ ಬಾಯಿ ಮುಚ್ಚಿಕೊಂಡರೆ ಕಪಟವಾಗುತ್ತದೆ. ಕಝಕಸ್ತಾನದ ಅಲೆಕ್ಸಾಂಡ್ರಾ ಎಲ್ಬಾಕ್ಯಾನ್ 2011ರಲ್ಲಿ ಆರಂಭಿಸಿದ ಆ ತಾಣದಿಂದ ನಮ್ಮ ಒಂದು ಪೀಳಿಗೆಯ ಸಂಶೋಧಕರು ಓದಿದ್ದಾರೆ. ಮೂರು ಪ್ರಕಾಶಕ ಸಂಸ್ಥೆಗಳು 2020ರಲ್ಲಿ ದೆಹಲಿ ಹೈಕೋರ್ಟಿಗೆ ಹೋದವು. 2025ರ ಆಗಸ್ಟಿನಲ್ಲಿ ಅದನ್ನು ಭಾರತದಲ್ಲಿ ತಡೆಹಿಡಿಯಲು ನ್ಯಾಯಾಲಯ ಆದೇಶಿಸಿತು. ಪ್ರಾಧ್ಯಾಪಕರು ಸಂಬಳ ಕೊಡುವವರ ದುಡ್ಡಿನಲ್ಲಿ ಸಂಶೋಧನೆ ಮಾಡಿ, ಲೇಖನವನ್ನು ಪುಕ್ಕಟೆ ಬರೆದುಕೊಟ್ಟು, ಇನ್ನೊಬ್ಬರದನ್ನು ಪುಕ್ಕಟೆ ಪರಿಶೀಲಿಸಿ, ಕೊನೆಗೆ ಅದನ್ನೇ ದುಡ್ಡು ಕೊಟ್ಟು ಓದುವ ಈ ವ್ಯಾಪಾರ ಯಾವ ಸಂತೆಯಲ್ಲೂ ನಡೆಯುವಂಥದ್ದಲ್ಲ. ಸೈ-ಹಬ್ ಹುಟ್ಟಿದ್ದು ಆ ಅನ್ಯಾಯದಿಂದ. ಆದರೆ ಕಾನೂನಿನ ದಾರಿಗಳು ಈಗ ಸಾಕಷ್ಟಿರುವಾಗ ಅವನ್ನು ಮೊದಲು ನೋಡಬೇಕು ಎನ್ನುವವನು ನಾನು. ಅನ್‌ಪೇವಾಲ್ ಎಂಬ ಪುಟ್ಟ ಸಲಕರಣೆಯನ್ನು ಬ್ರೌಸರಿಗೆ ಸೇರಿಸಿಕೊಂಡರೆ, ಅದೇ ಲೇಖನದ ಉಚಿತ ಪ್ರತಿ ಬೇರೆಲ್ಲಾದರೂ ಇದ್ದರೆ ತೋರಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತನ್ನವರ ಲೇಖನಗಳ ಭಂಡಾರವನ್ನು 2002ರಲ್ಲೇ ಆರಂಭಿಸಿದೆ. ಸದಾಶಿವನಗರದ ಭಾರತೀಯ ವಿಜ್ಞಾನ ಅಕಾಡೆಮಿ ತನ್ನ ಪತ್ರಿಕೆಗಳನ್ನು ಉಚಿತವಾಗಿ ಓದಲು ಇಟ್ಟಿದೆ. ಯಾವುದೂ ಆಗದಿದ್ದರೆ ಲೇಖಕರಿಗೇ ಎರಡು ಸಾಲಿನ ಇಮೇಲ್ ಬರೆಯಿರಿ. ತಮ್ಮ ಲೇಖನವನ್ನು ದೂರದ ಊರಿನಲ್ಲಿ ಒಬ್ಬರು ಓದಬೇಕೆಂದು ಕೇಳುತ್ತಿದ್ದಾರೆ ಎಂದರೆ ಯಾವ ಪ್ರಾಧ್ಯಾಪಕರು ಬೇಡವೆನ್ನುತ್ತಾರೆ?

ಇನ್ನು ಐಡಿಯೂ ಇಲ್ಲದ, ಕ್ಯಾಂಪಸ್ಸೂ ಇಲ್ಲದ ಜನ. ಆ ಹುಡುಗಿಯ ಅಪ್ಪ. ತಾಲ್ಲೂಕು ಆಸ್ಪತ್ರೆಯ ಎದುರು ಸ್ವಂತ ಕ್ಲಿನಿಕ್ ಇಟ್ಟುಕೊಂಡ ವೈದ್ಯರು. ನಿವೃತ್ತರಾದ ಮೇಲೆ ಶಾಸನ ಓದುತ್ತಿರುವ ಹೈಸ್ಕೂಲು ಮೇಷ್ಟ್ರು. ಪತ್ರಕರ್ತರು. ಆರು ಸಾವಿರ ಕೋಟಿಯ ಯೋಜನೆ ಮೊದಲ ಹಂತದಲ್ಲಿ ಸರ್ಕಾರಿ ಸಂಸ್ಥೆಗಳಿಗಷ್ಟೇ. ಖಾಸಗಿ ಕಾಲೇಜಿನ ಮಕ್ಕಳೂ ಹೊರಗೇ. ತೆರಿಗೆ ಮಾತ್ರ ಎಲ್ಲರೂ ಕಟ್ಟುತ್ತಾರೆ. ಪ್ರಕಾಶಕರ ಎಷ್ಟೋ ಒಪ್ಪಂದಗಳಲ್ಲಿ, ಗ್ರಂಥಾಲಯಕ್ಕೆ ನಡೆದು ಬಂದ ಹೊರಗಿನವರು ಅಲ್ಲಿನ ಕಂಪ್ಯೂಟರಿನಲ್ಲಿ ಕೂತು ಓದಬಹುದು ಎಂಬ ಷರತ್ತು ಇರುತ್ತದೆ. ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಪಾಲಕರನ್ನು ಕೇಳಿ. ಗೇಟಿನಲ್ಲಿ ಕಾವಲಿನವರು ತಡೆದರೆ ಗ್ರಂಥಪಾಲಕರಿಗೆ ಮೊದಲೇ ಒಂದು ಪತ್ರ ಬರೆದು ಹೋಗಿ.

ಆದರೆ ಇದು ಅವರಿವರ ದಯೆಯ ಮೇಲೆ ನಡೆಯುವಂತಿರಬಾರದು. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಮನೆ ಕಂದಾಯದ ರಸೀದಿ ತೆಗೆದು ನೋಡಿದರೆ ಆ ಸಾಲು ಕಾಣುತ್ತದೆ. ಪ್ರತಿ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಈ ಹದಿಮೂರು ಸಾವಿರ ಪತ್ರಿಕೆಗಳು ತೆರೆಯುವ ಒಂದೇ ಒಂದು ಕಂಪ್ಯೂಟರು, ಅದರ ಪಕ್ಕ ಹುಡುಕಲು ಕಲಿಸುವ ಒಬ್ಬ ಸಿಬ್ಬಂದಿ ಇರಲಿ ಎಂದು ಗ್ರಂಥಾಲಯ ಇಲಾಖೆ ದೆಹಲಿಗೆ ಪತ್ರ ಬರೆಯಲಿ. 2027ಕ್ಕೆ ಮೂರು ವರ್ಷ ಮುಗಿಯುತ್ತದೆ, ಪ್ರಕಾಶಕರೊಂದಿಗೆ ಮತ್ತೆ ಮಾತಿಗೆ ಕೂರುವ ಹೊತ್ತು ಅದೇ. ಕ್ಯಾಂಪಸ್ಸಿನ ಆಚೆ ಇರುವವರ ಹೆಸರನ್ನು ಆ ಪಟ್ಟಿಗೆ ಸೇರಿಸಲು ಈಗಿನಿಂದಲೇ ಕೇಳಬೇಕು.